ಎರಡು ಗೆರೆ, ಮೂವತ್ತೊಂದು ಗೋಡೆ

ತುಂಗಭದ್ರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಮಾಗಳದಿಂದ ಸ್ವಲ್ಪ ಆಚೆ, ಹೊಳೆದಂಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯ ವರಾಂಡದಲ್ಲಿ ಐವತ್ತೆಂಟು ವರ್ಷದ ದಸ್ತಗಿರಿ ಬೆಂಚಿನ ಮೇಲೆ ನಿಂತು ಗೋಡೆ ಉಜ್ಜುತ್ತಿದ್ದಾರೆ. ಎದುರಿಗೆ ಗಾಡಿಯ ಗಾಲಿಯಷ್ಟು ದೊಡ್ಡ ಭೂಗೋಳ. ನಡುವೆ ಕೆಂಪು ಪಟ್ಟಿ, ಅದರ ಮೇಲೆ ಕೆಳಗೆ ಹಳದಿ, ಎರಡು ತುದಿಗೂ ನೀಲಿ. ಅವರೇ ಬರೆದ ಚಿತ್ರ. ಅದರಲ್ಲಿನ ಎರಡೇ ಎರಡು ಹೆಸರುಗಳನ್ನು ಪಾಲಿಶ್ ಪೇಪರ್ ಹಿಡಿದು ತೆಗೆಯುತ್ತಿದ್ದಾರೆ. ಆಗಾಗ ತಿರುಗಿ ಗೇಟಿನ ಕಡೆ ನೋಡುತ್ತಾರೆ.

“ಹುಡುಗ್ರು ಬರೋದ್ರಾಗ ಮುಗಿಸ್ಬೇಕ್ರಿ,” ಎನ್ನುತ್ತಾರೆ ದನಿ ತಗ್ಗಿಸಿ. “ಯಾಕಜ್ಜಾ ಅಳಸಾಕತ್ತೀ ಅಂದ್ರ ಏನ್ ಹೇಳ್ಲಿ? ಮಾರಿ ಎಲ್ಲಿ ಇಟ್ಕೊಳ್ಲಿ?”

ಕೆಂಪು ಪಟ್ಟಿಯ ಮೇಲಂಚಿನ ಗೆರೆಗೆ ‘ಮಕರ ಸಂಕ್ರಾಂತಿ ವೃತ್ತ’ ಎಂದಿತ್ತು, ಕೆಳಂಚಿನ ಗೆರೆಗೆ ‘ಕರ್ಕಾಟಕ ಸಂಕ್ರಾಂತಿ ವೃತ್ತ’. ಇರಬೇಕಾದದ್ದು ತಿರುವುಮುರುವು. ಇದೇ ತಪ್ಪು ಹೀಗೆಯೇ, ಇಷ್ಟೇ ಚಂದದ ಅಕ್ಷರದಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮೂವತ್ತೊಂದು ಶಾಲೆಗಳ ಗೋಡೆಯ ಮೇಲೆ ಎಂಟು ವರ್ಷ ಕುಳಿತಿತ್ತು. ಇದು ಹತ್ತೊಂಬತ್ತನೆಯ ಗೋಡೆ.

ದಸ್ತಗಿರಿ ಹಗರಿಬೊಮ್ಮನಹಳ್ಳಿಯವರು. ತಂದೆ ಲಾರಿಗಳ ಮೇಲೆ ಹೂಬಳ್ಳಿ, ಹೆಸರು ಬರೆಯುತ್ತಿದ್ದರು. ಮಗ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಬ್ರಷ್ ಹಿಡಿದರು. ಊರಿನ ಅಂಗಡಿಗಳ ಬೋರ್ಡೆಲ್ಲ ಒಂದು ಕಾಲಕ್ಕೆ ಅವರ ಕೈಯದೇ. ಆದರೆ ಬರೆಯುವ ಕೈಗೆ ಬಂದಷ್ಟು ಅಕ್ಷರ ಕಣ್ಣಿಗೆ ಬರಲಿಲ್ಲ. “ಅಕ್ಷರ ನನಗ ಚಿತ್ರ ಇದ್ದಂಗ್ರಿ. ಆನಿ ಬರಿ ಅಂದ್ರ ಆನಿ, ‘ಅ’ ಬರಿ ಅಂದ್ರ ‘ಅ’. ಕೂಡಿಸಿ ಓದೋದು ಅಂದ್ರ ತ್ರಾಸು. ಅದನ್ನ ಯಾರಿಗೂ ಹೇಳ್ತಿರ್ಲಿಲ್ಲ. ಪೇಂಟರ್‌ಗ ಓದಾಕ ಬರಲ್ಲ ಅಂದ್ರ ನಗ್ತಾರಲ್ರಿ ಮಂದಿ.”

ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ಕಸಿದುಕೊಂಡಾಗ ಕೈ ಹಿಡಿದದ್ದು ಶಾಲೆಯ ಗೋಡೆ. ಉಜ್ಜಿನಿ ರಸ್ತೆಯ ಒಂದು ಶಾಲೆಯಲ್ಲಿ ಮುಖ್ಯಗುರುಗಳಾಗಿದ್ದ ಪಾಲಾಕ್ಷಪ್ಪ, ವರಾಂಡದುದ್ದಕ್ಕೂ ಭೂಗೋಳ ಬರೆಸಬೇಕೆಂದು ಅವರನ್ನು ಕರೆಸಿ, ನೋಡಿ ಬರೆಯಲು ಚಾರ್ಟ್ ಕೊಟ್ಟರು. ನಾಲ್ಕು ಚಿತ್ರ. ಮೊದಲನೆಯದು ಧಗಧಗ ಉರಿಯುವ ಬೆಂಕಿಯುಂಡೆ, ಹುಟ್ಟಿದಾಗಿನ ಭೂಮಿ. ಎರಡನೆಯದು ಕೊಯ್ದ ಈರುಳ್ಳಿಯಂತೆ ಪದರ ಪದರ ಕಾಣುವ ಭೂಮಿಯ ಒಡಲು. ಮೂರನೆಯದು ಶಾಖದ ವಲಯಗಳು. ಕೊನೆಯದು ಉಷ್ಣವಲಯದ ಹವೆ: ಒಂದು ಕಡೆ ದಿನವೂ ಮಳೆ ಸುರಿಯುವ ದಟ್ಟ ಕಾಡು, ಇನ್ನೊಂದು ಕಡೆ ನಮ್ಮ ಸೀಮೆಯಂಥ ಜಾಲಿ, ಬಂಡೆ, ಬಿಳಿ ಮುಗಿಲು.

ಇವರು ಬಣ್ಣ ಹಚ್ಚುತ್ತಿದ್ದರೆ ಪಾಲಾಕ್ಷಪ್ಪ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದರು. ಬೆಂಕಿಯುಂಡೆ ಆರುತ್ತಾ ಬಂದು, ಕಾಯಿಸಿದ ಹಾಲು ಕೆನೆಗಟ್ಟಿದ ಹಾಗೆ ಮೇಲೆ ಕಲ್ಲುಗಟ್ಟಿತಂತೆ. ಕೂಡ್ಲಿಗಿ ಕಡೆಯ ಗುಡ್ಡಗಳ ಬಂಡೆಗೆ ಇನ್ನೂರೈವತ್ತು ಕೋಟಿ ವರ್ಷವಂತೆ. ಕೆಂಪು ಪಟ್ಟಿಯೊಳಗೆ ಇರುವ ಊರುಗಳಿಗೆ ವರ್ಷಕ್ಕೆರಡು ಸಲ ಸೂರ್ಯ ನೆತ್ತಿಯ ಮೇಲೆ ಬಂದು ನಿಲ್ಲುತ್ತಾನಂತೆ. ದಸ್ತಗಿರಿ ಮನೆಗೆ ಬಂದು ಹೆಂಡತಿ ರಹಿಮತ್ ಬೀಗೆ ಅದನ್ನೆಲ್ಲ ಒಪ್ಪಿಸುತ್ತಿದ್ದರು. ಕೆಲಸ ಮುಗಿದ ದಿನ ಪಾಲಾಕ್ಷಪ್ಪ, “ಎಲ್ಲಾ ಒಂದ್ಸಲ ಓದಿ ನೋಡ್ಕೊಂಡಿಯೇನಪಾ?” ಎಂದು ಕೇಳಿದರು. “ನೋಡೀನ್ರಿ ಸರ್,” ಎಂದರು ದಸ್ತಗಿರಿ. ನೋಡಿದ್ದು ಹೌದು, ಓದಿರಲಿಲ್ಲ.

ಚಿತ್ರ ಚೆನ್ನಾಗಿ ಬಂದಿದೆ ಎಂಬ ಸುದ್ದಿ ಹಬ್ಬಿತು. ಒಂದೊಂದು ಶಾಲೆಗೆ ನಾಲ್ಕು ದಿನ. ಮೊಪೆಡ್ಡಿನ ಹಿಂದೆ ಬಣ್ಣದ ಡಬ್ಬಿ, ಹೆಗಲಿಗೆ ಆ ಮೊದಲ ಶಾಲೆಗೆಂದು ರಟ್ಟಿನಲ್ಲಿ ಕೊರೆದ ಅಚ್ಚುಗಳ ಸುರುಳಿ. ಹೋದಲ್ಲೆಲ್ಲ ಚಿತ್ರದ ಕೆಳಗೆ ‘ಕಲೆ: ದಸ್ತಗಿರಿ, ಹ.ಬೊ.ಹಳ್ಳಿ’ ಎಂದು ಬರೆದು ಬರುತ್ತಿದ್ದರು.

ಆ ಹೆಸರನ್ನೇ ಹಿಡಿದು ಕಳೆದ ನವೆಂಬರಿನಲ್ಲಿ ಬಸ್ ಕಂಡಕ್ಟರ್ ಭೀಮರಾಜ ಅವರ ಮನೆ ಬಾಗಿಲಿಗೆ ಬಂದರು. ಜೊತೆಗೆ ಏಳನೆಯ ತರಗತಿಯ ಮಗಳು ಕ್ರಾಂತಿ. ತೆಲಿಗಿ ಕಡೆಯ ಶಾಲೆಯ ಹುಡುಗಿ. ಹಿಂದಿನ ದಿನ ಹರಪನಹಳ್ಳಿಯಲ್ಲಿ ತಾಲ್ಲೂಕು ಮಟ್ಟದ ರಸಪ್ರಶ್ನೆ ನಡೆದಿತ್ತು. ಕೊನೆಯ ಪ್ರಶ್ನೆಯವರೆಗೂ ಅವಳೇ ಮುಂದಿದ್ದಳು. ನಮ್ಮ ದೇಶದ ನಡುವೆ ಹಾದುಹೋಗುವ ವೃತ್ತ ಯಾವುದು ಎಂದು ಕೇಳಿದರು. ಅವಳು ಥಟ್ಟನೆ ‘ಮಕರ’ ಎಂದಳು. ತಪ್ಪು ಎಂದಾಗ ಎದ್ದು ನಿಂತು, “ನಮ್ಮ ಶಾಲಿ ಗೋಡಿ ಮ್ಯಾಲೆ ಹಂಗ ಐತಿ ಸರ್,” ಎಂದು ವಾದಿಸಿದಳು. ಸಭೆಗೆ ಸಭೆಯೇ ನಕ್ಕಿತು. ಜಿಲ್ಲೆಗೆ ಹೋಗಬೇಕಾದವಳು ಅಳುತ್ತಾ ಊರಿಗೆ ಬಂದಳು.

ಭೀಮರಾಜ ಮೊಬೈಲಿನಲ್ಲಿ ಗೋಡೆಯ ಫೋಟೋ ತೋರಿಸಿ, “ಇದನ್ನ ಬರ್ದಾರು ನೀವ ಏನ್ರಿ?” ಎಂದು ರೇಗಿದರು. ಬಾಗಿಲಲ್ಲಿ ರಹಿಮತ್ ಬೀ ನಿಂತಿದ್ದರು. ಓಣಿಯ ನಾಲ್ಕು ಮಂದಿ ಇಣುಕುತ್ತಿದ್ದರು. ದಸ್ತಗಿರಿಯ ಬಾಯಿಂದ ಹೊರಟದ್ದು ಒಂದೇ ಮಾತು: “ಪಾಲಾಕ್ಷಪ್ಪ ಸರ್ ಕೊಟ್ಟ ಚಾರ್ಟಿನಾಗ ಹಂಗ ಇತ್ರಿ. ನಾನು ನೋಡ್ಕೋತ ಬರ್ದೀನಿ ಅಷ್ಟ.”

ಅದು ನಿಜವೋ ಸುಳ್ಳೋ ಆ ಗಳಿಗೆಯಲ್ಲಿ ಅವರಿಗೇ ಗೊತ್ತಿರಲಿಲ್ಲ. ಆದರೆ ತಿಳಿದುಕೊಳ್ಳುವ ಮೊದಲೇ ಇನ್ನೊಬ್ಬರ ತಲೆಗೆ ಕಟ್ಟಿದ್ದಂತೂ ಹೌದು. ಅಷ್ಟು ಹೊತ್ತೂ ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. “ಆಕಿ ನೋಡಿದ್ದು ಈಗೂ ನೆನಪಾಗ್ತೈತ್ರಿ,” ಎನ್ನುವಾಗ ದಸ್ತಗಿರಿ ಕೈಯಲ್ಲಿನ ಬಟ್ಟೆಯನ್ನು ಸುಮ್ಮನೆ ಹಿಂಡುತ್ತಾರೆ.

ಎರಡು ದಿನದ ಮೇಲೆ ಭೀಮರಾಜ ಫೋನ್ ಮಾಡಿದರು. ನಿವೃತ್ತರಾಗಿ ಕೊಟ್ಟೂರಿನಲ್ಲಿರುವ ಪಾಲಾಕ್ಷಪ್ಪನವರನ್ನು ಹುಡುಕಿಕೊಂಡು ಹೋಗಿ ಕೇಳಿದ್ದರಂತೆ. “ಅವ್ರು ತಪ್ಪು ಒಪ್ಕೊಂಡ್ರು ಬಿಡ್ರಿ. ‘ನಾನ ತಪ್ಪು ಚಾರ್ಟ್ ಕೊಟ್ಟಿರಬೇಕು, ಆತನ್ನ ಬೈಬ್ಯಾಡ್ರಿ’ ಅಂದ್ರು. ನಿಮ್ಮ ಮ್ಯಾಲೆ ಸುಮ್ನ ರೇಗಾಡಿದೆ,” ಎಂದು ಭೀಮರಾಜ ಕ್ಷಮೆ ಕೇಳಿದರು. ರಹಿಮತ್ ಬೀ ಹೇಳುತ್ತಾರೆ: “ಮೂರು ದಿನ ಗ್ವಾಡಿ ಕಡಿ ಮಾರಿ ಮಾಡಿ ಮಕ್ಕಂಡಿದ್ರು. ನಾನ ಎಬ್ಬಿಸಿ ಕಳಿಸೀನ್ರಿ, ಹೋಗಿ ಆ ಸರ್ ಕಾಲಿಗಾದ್ರೂ ಬೀಳ್ರಿ ಅಂತ.”

ಕೊಟ್ಟೂರಿನ ಮನೆಯಲ್ಲಿ ಪಾಲಾಕ್ಷಪ್ಪ ಅಟ್ಟದಿಂದ ಹಳೆಯ ಚಾರ್ಟ್ ತೆಗೆದು ಬಿಚ್ಚಿದರು. ದಸ್ತಗಿರಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಓದಿದರು. ಮೇಲೆ ಕರ್ಕಾಟಕ, ಕೆಳಗೆ ಮಕರ. ಚಾರ್ಟ್ ಸರಿಯಾಗಿಯೇ ಇತ್ತು. ಹೆಸರಿನ ಎರಡು ರಟ್ಟಿನ ಪಟ್ಟಿಗಳನ್ನು ದೊಡ್ಡ ಅಚ್ಚಿಗೆ ಅಂಟಿಸುವಾಗ ಅದಲುಬದಲು ಮಾಡಿದ್ದು ತಮ್ಮದೇ ಕೈ.

“ಗೊತ್ತಿದ್ದೂ ನನ್ನ ಯಾಕ ಉಳಿಸಿದ್ರಿ ಸರ್?” ಎಂದು ಕೇಳಿದರು.

“ನಿನ್ನ ಉಳಿಸಾಕ ಅಲ್ಲಪಾ,” ಎಂದರಂತೆ ಪಾಲಾಕ್ಷಪ್ಪ. “ನಿವೃತ್ತಿ ಆಗೋತನಕ ನಾಕು ವರ್ಷ ಆ ಗೋಡಿ ಮುಂದ ನಿಂತು ಪಾಠ ಮಾಡೀನಿ. ಒಂದಿನಾನೂ ತಲಿ ಎತ್ತಿ ಓದ್ಲಿಲ್ಲ. ನಿನಗ ಓದಾಕ ಬರಲ್ಲ, ನನಗ ಬರ್ತಿತ್ತು. ಹೇಳು, ಯಾರದು ದೊಡ್ಡ ತಪ್ಪು?”

ದಸ್ತಗಿರಿ ಅಲ್ಲಿಂದ ನೇರ ತೆಲಿಗಿ ಕಡೆಗೆ ಹೋದರು. ಭೀಮರಾಜರ ಮುಂದೆ ನಿಂತು, “ಸರ್‌ದಲ್ರಿ, ನಂದು ತಪ್ಪು. ಓದಾಕ ಬರಲ್ಲ ನನಗ. ಸುಳ್ಳು ಹೇಳಿದ್ದೆ,” ಎಂದರು. ಭೀಮರಾಜ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮರುದಿನ ಆ ಶಾಲೆಯ ಗೋಡೆಯ ಮುಂದೆ ಕ್ರಾಂತಿಯನ್ನು ನಿಲ್ಲಿಸಿಕೊಂಡು, ಯಾವುದು ಎಲ್ಲಿ ಎಂದು ಅವಳನ್ನೇ ಕೇಳಿದರು.

“ಮಕರ ಸಂಕ್ರಾಂತಿ ಹಬ್ಬ ಚಳಿಗಾಲದಾಗ ಬರ್ತೈತಲ್ಲ ಅಜ್ಜಾ,” ಎಂದಳು ಕ್ರಾಂತಿ. “ಚಳಿಗಾಲದಾಗ ಸೂರ್ಯ ದಕ್ಷಿಣದ ಕಡಿಗೆ ಇರ್ತಾನ. ಅದಕ್ಕ ಮಕರ ಕೆಳಗ. ನಾನು ಒಂಚೂರು ಯೋಚ್ನಿ ಮಾಡಿದ್ರ ತಿಳೀತಿತ್ತು. ಗೋಡಿ ಮ್ಯಾಲೆ ಐತಲ್ಲ ಅಂತ ನಂಬಿದ್ದೆ.”

ಆ ಕೊನೆಯ ಮಾತು ಅವರನ್ನು ಮೂವತ್ತೊಂದು ಊರು ಸುತ್ತಿಸುತ್ತಿದೆ. ಬಣ್ಣವೂ ಅವರದೇ, ಪೆಟ್ರೋಲೂ ಅವರದೇ. ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟರೆ ಪ್ರಾರ್ಥನೆಯ ಗಂಟೆಗೆ ಮೊದಲು ಕೆಲಸ ಮುಗಿಸಿ ಹೊರಟುಬಿಡುತ್ತಾರೆ. “ಯಾರೂ ನೋಡಿಲ್ಲ ಬಿಡ್ರಿ, ಸುಮ್ನ ಯಾಕ ಕೆದಕ್ತೀರಿ,” ಎಂದ ಮುಖ್ಯಗುರುಗಳೂ ಇದ್ದಾರೆ. ಎರಡು ಶಾಲೆಗಳಲ್ಲಿ ಗೋಡೆಗೆ ಆಗಲೇ ಸುಣ್ಣ ಹೊಡೆದಿತ್ತು. ಅಲ್ಲಿ ಅವರಿಗೆ ಸಮಾಧಾನವಾಗುವ ಬದಲು ಸಂಕಟವಾಯಿತು. “ಗೋಡಿದು ಅಳಿಸ್ಬೌದ್ರಿ. ಓದಿ ಹ್ವಾದ ಹುಡುಗ್ರ ತಲ್ಯಾಗಿಂದು ಹ್ಯಾಂಗ ಅಳಸ್ಲಿ? ಎಲ್ಲೆಲ್ಲಿ ಅದಾರೋ, ಯಾರ ಮುಂದ ಹೇಳಿ ನಗಿಗೀಡಾಗ್ಯಾರೋ.”

ಮೂವತ್ತೊಂದನೆಯ ಶಾಲೆ ಕೂಡ್ಲಿಗಿ ತಾಲ್ಲೂಕಿನದು, ಬಂಡೆಗುಡ್ಡದ ಬುಡದಲ್ಲಿದೆ. ಅಂದು ದಾರಿಯಲ್ಲಿ ಮೊಪೆಡ್ ಪಂಕ್ಚರ್ ಆಗಿ, ತಲುಪುವ ಹೊತ್ತಿಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ. ವಾಪಸ್ ಹೋಗಿಬಿಡೋಣ ಎನ್ನಿಸಿದರೂ ಬೆಂಚು ಹತ್ತುತ್ತಾರೆ. ಮುಂದಿನ ಸಾಲಿನ ಪೋರಿಯೊಬ್ಬಳು ಕೇಳಿಯೇ ಬಿಡುತ್ತಾಳೆ, ಯಾಕೆ ಅಳಿಸುತ್ತೀ ಎಂದು. “ನಾನು ತಪ್ಪು ಬರ್ದಿದ್ನವ್ವಾ,” ಎನ್ನುತ್ತಾರೆ ದಸ್ತಗಿರಿ. ಯಾರೂ ನಗುವುದಿಲ್ಲ. ಹುಡುಗಿ ತಲೆಯಾಡಿಸಿ ಸಾಲಿಗೆ ಹೋಗುತ್ತಾಳೆ.

ಆಗಲೇ ಅವರಿಗೆ ಅದು ಕಾಣುವುದು. ಎರಡು ಹೆಸರುಗಳ ನಡುವೆ, ಪೆನ್ಸಿಲಿನಲ್ಲಿ ಒತ್ತಿ ಎಳೆದ ಎರಡು ಪುಟ್ಟ ಬಾಣ. ಒಂದು ಮೇಲಿನದನ್ನು ಕೆಳಕ್ಕೆ, ಇನ್ನೊಂದು ಕೆಳಗಿನದನ್ನು ಮೇಲಕ್ಕೆ ಕಳಿಸುತ್ತಿದೆ. ಯಾವುದೋ ಮಗು ಓದಿದೆ, ತಿದ್ದಿದೆ, ಯಾರಿಗೂ ಹೇಳದೆ ಹೋಗಿದೆ. ಬಿಸಿಯೂಟದ ಜಂಬಕ್ಕನನ್ನು ಕೇಳಿದರೆ, “ಭಾಳ ವರ್ಷದ್ದು ಅದು. ಯಾರ ಕೈಯದೋ ಯಾರಿಗ್ಗೊತ್ತು,” ಎನ್ನುತ್ತಾರೆ.

ದಸ್ತಗಿರಿ ಹೆಸರುಗಳನ್ನು ಉಜ್ಜಿ, ಬಣ್ಣ ಹಚ್ಚಿ, ಪ್ರತಿ ಅಕ್ಷರವನ್ನೂ ಬಾಯಲ್ಲಿ ಕೂಡಿಸಿಕೊಂಡು ಹೊಸದಾಗಿ ಬರೆಯುತ್ತಾರೆ. ಬಾಣಗಳಿಗೆ ಮಾತ್ರ ಬಣ್ಣ ತಾಗದಂತೆ ಅವುಗಳ ಸುತ್ತ ಬ್ರಷ್ ಆಡಿಸುತ್ತಾರೆ. ಅವನ್ನೂ ಅಳಿಸಿದರೆ ಚಿತ್ರ ಚೊಕ್ಕಟವಾಗುತ್ತದಲ್ಲ ಎಂದು ಜಂಬಕ್ಕ ಹೇಳಿದ್ದಕ್ಕೆ ಬೆಂಚಿನಿಂದ ಇಳಿಯುತ್ತಾ ಅನ್ನುತ್ತಾರೆ:

“ಈ ಗೋಡಿ ಮ್ಯಾಲೆ ಇಷ್ಟು ವರ್ಷ ಸರಿ ಇದ್ದದ್ದು ಅದೊಂದ ಅಲ್ಲೇನವ್ವಾ. ಅದನ್ನ ಅಳ್ಸಾಕ ನಾನ್ಯಾರು?”