ಅಕ್ಕ ಹಂಚಿದ ಗುಳಿಗೆ

ಕೇಳಿದವರಿಗೆ ಇಲ್ಲವೆನ್ನುವುದು ನಮ್ಮ ಅಕ್ಕನಿಗೆ ಗೊತ್ತಿಲ್ಲ. ಕಮಲಾಪುರದ ಅವಳ ಓಣಿಯಲ್ಲಿ ಮೊಸರಿಗೆ ಹೆಪ್ಪು ಬೇಕಾದರೂ, ಊಟಕ್ಕೆ ನಂಚಿಕೊಳ್ಳಲು ಶೇಂಗಾಹಿಂಡಿ ಬೇಕಾದರೂ ಜನ ಮೊದಲು ತಟ್ಟುವುದು ಅವಳ ಬಾಗಿಲನ್ನೇ. ಆದರೆ ಎದೆಯ ಗುಳಿಗೆಯನ್ನೂ ಹಂಚುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕನ ಎದೆಬಡಿತ ಲಯ ತಪ್ಪಿತ್ತು. ಕಲಬುರಗಿಯ ಡಾಕ್ಟರು ಅದನ್ನು ಸರಿಪಡಿಸಿ, ಹಾಗೇ ಹಿಡಿದಿಡಲು ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಬರೆದುಕೊಟ್ಟಿದ್ದರು. "ಆರಾಮ ಅನಸ್ತದಂತ ನಡುವ ಬಿಡಬ್ಯಾಡ್ರಿ. ಮತ್ತೊಬ್ಬರಿಗೂ ಕೊಡಬ್ಯಾಡ್ರಿ, ಸರಿಯಿದ್ದ ಬಡಿತಾನೂ ಇದು ಕೆಡಿಸಬಹುದು," ಎಂದಿದ್ದರು. ಅಕ್ಕ ತಲೆಯಾಡಿಸಿದ್ದಳು. ಅವಳು ಎಲ್ಲರ ಮಾತಿಗೂ ತಲೆಯಾಡಿಸುತ್ತಾಳೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಔಷಧಿ ಅಂಗಡಿಯಿಂದ ತಿಂಗಳಿಗೊಮ್ಮೆ ಗುಳಿಗೆ ಒಯ್ದು ಕೊಡುವ ಕೆಲಸ ನನ್ನದು. ಆದ್ದರಿಂದ ಅವಳನ್ನು ಬೈಯುವ ಹಕ್ಕೂ ನನ್ನದೇ ಎಂದುಕೊಂಡಿದ್ದೆ.

ಒಂದು ಸಂತೆಯ ದಿನ ಹೋಗಿ ನೋಡಿದರೆ ನಾಲ್ಕು ಗುಳಿಗೆ ಕಡಿಮೆ.

"ಯಕ್ಕಾ, ಜಾಸ್ತಿ ನುಂಗಿಯೇನು?"

"ಇಲ್ಲೋ. ಪಕ್ಕದ ಮನಿ ಆಪಾಗ ಕೊಟ್ಟೀನಿ. ಆಕಿದೂ ಎದಿ ಢವಢವ ಅನ್ನಾಕತ್ತಿತ್ತು. ಮನ್ಯಾಗ ಗುಳಿಗಿ ಇಟ್ಕೊಂಡು ಹ್ಯಾಂಗ ಸುಮ್ಮ ಕೂಡಲಿ?"

ಈಗ ನನ್ನ ಎದೆ ಢವಢವ ಎಂದಿತು. ಡಾಕ್ಟರ ಮಾತು ನೆನಪಿಸಿದಾಗ ಅಕ್ಕನ ಮುಖವೂ ಬಿಳಿಚಿಕೊಂಡಿತು. ಇಬ್ಬರೂ ಚಪ್ಪಲಿ ಮೆಟ್ಟದೆ ಪಕ್ಕದ ಮನೆಗೆ ಓಡಿದೆವು.

ಆಪಾ ಅಂಗಳದಲ್ಲಿ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದರು. ನಮ್ಮ ಗಾಬರಿ ನೋಡಿ ಅವರಿಗೆ ನಗು. "ಅರೆ, ನಾ ಅವತ್ತೇ ದವಾಖಾನಿಗೆ ಹೋಗಿ ತೋರಿಸೀನಿ ತಮ್ಮಾ. ಗ್ಯಾಸ್ ಅಂದ್ರು," ಎನ್ನುತ್ತ ಎಲೆಅಡಿಕೆಯ ಡಬ್ಬಿ ತೆರೆದರು. ನಾಲ್ಕೂ ಗುಳಿಗೆ ಅದರೊಳಗೇ ಇದ್ದವು. ನನಗೆ ಹೋದ ಜೀವ ಬಂದಂತಾಯಿತು.

"ಮತ್ತ್ಯಾಕ ತೊಗೊಂಡ್ರಿ ಆಪಾ?"

"ಬ್ಯಾಡಂದ್ರ ನಿಮ್ಮಕ್ಕ ಸಿಟ್ಟಾಗ್ತಾಳ. ಮ್ಯಾಲ, ಹ್ವಾದ ತಿಂಗಳ ಗುಳಿಗಿ ಮುಗಿದು, ಎರಡು ದಿನ ನಿನ್ನ ದಾರಿ ಕಾಯ್ಕೋತ ಬಾಗಲದಾಗ ಕುಂತಿದ್ಳು. ಮತ್ತ ಹಂಗ ಆದ್ರ ಇರಲಿ ಅಂತ ಇಟ್ಟೀನಿ."

ಹೋದ ತಿಂಗಳು ಆಫೀಸಿನ ನೆಪ ಹೇಳಿ ಎರಡು ದಿನ ತಡವಾಗಿ ಬಂದಿದ್ದೆ. ಅಕ್ಕ ಚಹಾ ಕೊಟ್ಟಿದ್ದಳೇ ಹೊರತು ಗುಳಿಗೆ ಮುಗಿದದ್ದನ್ನು ಹೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಪಾ ನನಗೊಂದು ಬಾಳೆಹಣ್ಣು ಕೊಟ್ಟರು. ಗುಳಿಗೆ ವಾಪಸ್ ಕೇಳಿದೆ. ಡಬ್ಬಿ ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡರು.