ಯಾರದೋ ಮಗುವಿನ ಚಿತ್ರ

ಮೊನ್ನೆ ಬೆಳಿಗ್ಗೆ ಶಿಕಾರಿಪುರದ ಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಫೋನಿಗೆ ಒಂದು ಚಿತ್ರ ಬಂತು. ಯಾವುದೋ ದೂರದ ದೇಶದ ಯುದ್ಧ, ಕುಸಿದ ಗೋಡೆ, ಒಂದು ಮಗು. ಇದಕ್ಕಿಂತ ಹೆಚ್ಚು ಹೇಳಲಾರೆ. ಮಾತಿನಲ್ಲಿ ತೋರಿಸುವುದೂ ತೋರಿಸುವುದೇ ಎಂದು ಈಗ ಅನ್ನಿಸುತ್ತದೆ. ಆವತ್ತು ಅನ್ನಿಸಲಿಲ್ಲ ನೋಡಿ. ಕಣ್ಣು ತುಂಬಿತು. 'ಮನುಷ್ಯತ್ವ ಎಲ್ಲಿ ಹೋಯಿತು?' ಎಂದು ಒಂದು ಸಾಲು ಸೇರಿಸಿ, ನನ್ನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ದಾಟಿಸಿಬಿಟ್ಟೆ. ಅರ್ಧ ಗಂಟೆ ಮೊದಲು ಅದೇ ಗುಂಪಿಗೆ ಗುಲಾಬಿ ಹೂವಿನ ಶುಭೋದಯ ಕಳಿಸಿದವಳೂ ನಾನೇ. ನಿವೃತ್ತಳಾದ ಟೀಚರಮ್ಮನ ಬೆಳಗು ಹಾಗಿರುತ್ತದೆ. ಕಳಿಸಿದ ಮೇಲೆ ಮನಸ್ಸು ಹಗುರವಾಯಿತು, ಆ ಯುದ್ಧದಲ್ಲಿ ನನ್ನ ಪಾಲಿನ ಕೆಲಸ ಮುಗಿಯಿತೆಂಬಂತೆ.

ಹತ್ತು ಗಂಟೆಗೆ ಮಂಜುಳಾ ಫೋನ್ ಮಾಡಿದಳು. ನನ್ನ ಹತ್ತಿರ ಓದಿದವಳು, ಈಗ ಆನವಟ್ಟಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮೂರು ವರ್ಷದ ಹಿಂದೆ ಅವಳ ಮಗ ಹಳ್ಳಿಯ ಮನೆಯ ಗೋಡೆ ಬಿದ್ದು ತೀರಿಕೊಂಡ. ಬಸ್ಸು ಹಿಡಿದು ಹೋಗಿ ಅವಳ ಪಕ್ಕ ಕೂತು ಬಂದವಳು ನಾನು. ಚಿತ್ರ ಕಳಿಸುವಾಗ ಅದು ನೆನಪಿಗೇ ಬರಲಿಲ್ಲ.

"ಮೇಡಂ, ನೀವು ಕಳ್ಸಿದ್ದು ನೋಡ್ದೆ" ಎಂದಳು. "ನಮ್ಮ ಹುಡುಗನ್ದೂ ಯಾರೋ ಹಿಂಗೇ ಫೋಟೋ ಹೊಡ್ದಿದ್ರು. ನಾನು ಅಂಗಡೀಲಿದ್ದೆ. ಮನೆಯಿಂದ ಸುದ್ದಿ ಬರೋಕೆ ಮುಂಚೆ ಆ ಫೋಟೋನೇ ನನ್ನ ಫೋನಿಗೆ ಬಂದಿತ್ತು."

ನನಗೆ ಇದು ಗೊತ್ತಿರಲಿಲ್ಲ. ಕೂಡಲೇ ನಾನು ಕಳಿಸಿದ ಚಿತ್ರವನ್ನು ಗುಂಪಿನಿಂದ ಅಳಿಸಿದೆ. ಅಷ್ಟರಲ್ಲಿ ಇಬ್ಬರು ಅದನ್ನು ಮುಂದಕ್ಕೆ ಕಳಿಸಿ ಆಗಿತ್ತು.

ಆನವಟ್ಟಿಯಲ್ಲೇ ಫೋಟೋ ಸ್ಟುಡಿಯೋ ಇಟ್ಟಿದ್ದ ನನ್ನ ಸೋದರಮಾವ ಆಗ ನೆನಪಾದರು. ಮದುವೆ ಗುಂಪಿನ ಫೋಟೋದಲ್ಲಿ ಬೀಗರೊಬ್ಬರ ತಲೆ ಕತ್ತರಿಸದೆ ಬಿಟ್ಟವರಲ್ಲ. ನನ್ನ ಹತ್ತನೇ ತರಗತಿಯ ಪರೀಕ್ಷೆಯ ಫೋಟೋದಲ್ಲಿ ನಾನು ಕಣ್ಣು ಮುಚ್ಚಿಕೊಂಡೇ ಇದ್ದೇನೆ. ಆದರೆ ಸಾವಿನ ಮನೆಗೆ ಹೋದಾಗ ಮಾವ ಬೇರೆಯೇ ಮನುಷ್ಯ. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರ ಕೊನೆಯ ಫೋಟೋಕ್ಕೆ ಸುತ್ತಲ ಹಳ್ಳಿಗಳಿಂದ ಕರೆ ಬರುತ್ತಿತ್ತು. ಕ್ಯಾಮೆರಾ ಜಗಲಿಯ ಮೇಲಿಟ್ಟು ಬರಿಗೈಯಲ್ಲಿ ಒಳಗೆ ಹೋಗಿ, ಮನೆಯವರನ್ನು ಕೇಳಿ, ಸತ್ತವರ ಹೊದಿಕೆ ಸರಿಮಾಡಿದ ಮೇಲೆಯೇ ಕ್ಯಾಮೆರಾ ತರುತ್ತಿದ್ದರು.

ಒಮ್ಮೆ ಬಾವಿಯಲ್ಲಿ ಸಿಕ್ಕ ಒಬ್ಬ ಸೊಸೆಯ ಫೋಟೋ ತೆಗೆಯಲು ಪೊಲೀಸರು ಕರೆದೊಯ್ದರು. ಮೈಮೇಲೆ ಹೊಡೆದ ಗುರುತುಗಳಿದ್ದವು. ಮಾವ ಆ ಫೋಟೋವನ್ನು ಮನೆಯಲ್ಲೂ ಯಾರಿಗೂ ತೋರಿಸಲಿಲ್ಲ. ವಾರ ಕಳೆದ ಮೇಲೆ ಹುಡುಗಿಯ ಅಪ್ಪ ಬಂದ. ಬಂದಳಿಕೆ ಕಡೆ ಕುರಿ ಮೇಯಿಸುವವನು. ನಾನು ಸ್ಟುಡಿಯೋದಲ್ಲೇ ಇದ್ದೆ.

"ಹತ್ತು ಪ್ರತಿ ಮಾಡಿಕೊಡ್ರಿ" ಎಂದ. "ಬಿದ್ದು ಸತ್ಲು ಅಂತಾರೆ ಎಲ್ಲ. ಊರಿಗೇ ತೋರಿಸ್ತೀನಿ."

"ಬ್ಯಾಡಪ್ಪ, ಹೆಣ್ಮಗಳು. ನಾಲ್ಕು ಜನದ ಕೈಗೆ ಹೋಗಬಾರದು" ಎಂದರು ಮಾವ.

"ನಾಚಿಕೆ ಆಗಬೇಕಾದ್ದು ಅವರಿಗೆ ರೀ. ನನ್ನ ಮಗಳಿಗಲ್ಲ."

ಮಾವ ಎದ್ದು ಒಳಗಿನ ಕತ್ತಲೆ ಕೋಣೆಗೆ ಹೋದರು. ಆಮೇಲೆ ಹತ್ತು ಪ್ರತಿ ಮಾಡಿಕೊಟ್ಟರು. ಆ ಮನುಷ್ಯ ಅವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸೊರಬ, ಶಿಕಾರಿಪುರ ಎಂದು ತಿರುಗಿದ. ಕೇಸು ದಾಖಲಾಗುವ ತನಕ ಬಿಡಲಿಲ್ಲ. ಆದರೆ ಪತ್ರಿಕೆಯವರೊಬ್ಬರು ನೇರವಾಗಿ ಮಾವನನ್ನೇ ಒಂದು ಪ್ರತಿ ಕೇಳಿದಾಗ ಕೊಡಲಿಲ್ಲ. ಯಾಕೆಂದು ಕೇಳಿದೆ. "ತೋರಿಸೋದು ಬಿಡೋದು ಆ ಅಪ್ಪನಿಗೆ ಬಿಟ್ಟಿದ್ದು ಕಣೇ. ನಾನು ಬರೀ ಫೋಟೋ ತೆಗೆದವನು" ಎಂದರು.

ಯುದ್ಧದ ಆ ಮಗುವಿನ ತಾಯಿಯೂ ಆ ಕುರಿಗಾಹಿಯಂತೆ, ಜಗತ್ತೆಲ್ಲ ನೋಡಲಿ ಎಂದಿರಬಹುದು. ಮುಚ್ಚಿಟ್ಟರೆ ಕೊಂದವರಿಗೇ ಅನುಕೂಲ. ಅಥವಾ ಆ ತಾಯಿಯನ್ನು ಯಾರೂ ಕೇಳಿಯೇ ಇರಲಿಕ್ಕಿಲ್ಲ. ತಿಳಿಯೋಣವೆಂದು ಕನ್ನಡಕ ಹಾಕಿಕೊಂಡು ಒಂದು ಗಂಟೆ ಹುಡುಕಿದೆ. ಅದೇ ಚಿತ್ರದ ಕೆಳಗೆ ಒಬ್ಬೊಬ್ಬರು ಒಂದೊಂದು ದೇಶದ ಹೆಸರು ಬರೆದಿದ್ದರು. ಮೂವತ್ತು ವರ್ಷ ಮಕ್ಕಳಿಂದ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸಿದವಳಿಗೆ ಇದು ಯಾವ ಯುದ್ಧ ಎಂದು ಹೇಳಲಾಗಲಿಲ್ಲ.

ಮಧ್ಯಾಹ್ನ ಆನವಟ್ಟಿಯ ಬಸ್ಸು ಹತ್ತಿದೆ. ಮಂಜುಳಾ ಮಿಷನ್ ಮುಂದೆ ಕೂತು ಶಾಲೆಯ ಅಂಗಿಗೆ ಕಾಲರ್ ಹೊಲಿಯುತ್ತಿದ್ದಳು. "ತಪ್ಪು ಮಾಡಿದೆ ಕಣೇ" ಎಂದೆ.

"ಬೈಯೋಕೆ ಫೋನ್ ಮಾಡಿಲ್ಲ ಮೇಡಂ" ಎಂದು ಸ್ಟೂಲು ಎಳೆದು ಕೊಟ್ಟಳು. ಆಮೇಲೆ ತನ್ನ ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಮುಂದಿನ ಹಲ್ಲು ಬಿದ್ದ ಹುಡುಗ, ಅಮ್ಮನ ಅಳತೆ ಟೇಪು ಕೊರಳಿಗೆ ಹಾಕಿಕೊಂಡು ನಗುತ್ತಿದ್ದ. "ಇವನು ಅಂದ್ರೆ ಈಗ್ಲೂ ಜನಕ್ಕೆ ಆ ಫೋಟೋನೇ ನೆನಪು. ಇದನ್ನ ಗುಂಪಿಗೆ ಹಾಕ್ಲಾ ಮೇಡಂ?"

ನಾನು ಯಾರು ಬೇಡ ಎನ್ನಲು. ಕೆಳಗೆ ಅವನ ಹೆಸರು ಬರೆದಳು: ಪ್ರಜ್ವಲ್. ಕಳಿಸಿದಳು.

ಆವತ್ತು ಸಾವಿನ ಮನೆಯಲ್ಲಿ ಪಕ್ಕ ಕೂತಿದ್ದರೂ ನಾನು ಅವನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಈಗ ಕೇಳಿದೆ. ಮಂಜುಳಾ ಹೊಲಿಗೆ ನಿಲ್ಲಿಸಿ ಹೇಳತೊಡಗಿದಳು. ಶಿಕಾರಿಪುರದ ಎರಡು ಬಸ್ಸು ಹೋದವು. ನಾನು ಏಳಲಿಲ್ಲ.