ಚಂದ್ರವ್ವ ಮೆಂಬರ್

ನಳದ ಮುಂದೆ ಪಾಳಿ ನಿಂತ ಹೆಂಗಸರ ನಡುವೆ ಚಂದ್ರವ್ವನ ತಲೆ ಎಲ್ಲರಿಗಿಂತ ಒಂದು ಗೇಣು ಮೇಲೆ ಕಾಣುತ್ತಿತ್ತು. ಆರಡಿ ಎತ್ತರ, ಅಗಲವಾದ ಹೆಗಲು, ಹಣೆಯ ತುಂಬ ಕುಂಕುಮ, ಸುಕ್ಕಿಲ್ಲದ ಸೀರೆ. ಓಣಿಯ ಯಾರ ಮನೆಯಲ್ಲಿ ಅಟ್ಟದ ಮೇಲಿನ ಹಂಡೆ ಇಳಿಸಬೇಕಾದರೂ ಅವಳಿಗೇ ಕರೆ ಹೋಗುತ್ತಿತ್ತು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಳು, ಹಂಡೆ ಇಳಿಸುವಳು, ಅಲ್ಲಿ ಅಳುತ್ತಿದ್ದ ಕೂಸನ್ನು ಎತ್ತಿಕೊಂಡು ಅದು ನಗುವ ತನಕ ಕೆಳಗಿಡುತ್ತಿರಲಿಲ್ಲ.

ನಾನು ಸವಣೂರಿನವಳು. ಹಾನಗಲ್ಲಿನ ಆಚೆಯ ಆ ಸಣ್ಣ ಊರಿನ ಶಾಲೆಗೆ ಶಿಕ್ಷಕಿಯಾಗಿ ಹೋದಾಗ ಅವಳ ಪಕ್ಕದ ಮನೆ ಬಾಡಿಗೆಗೆ ಸಿಕ್ಕಿತು. ಚಂದ್ರವ್ವ ರೊಟ್ಟಿ ಮಾಡಿ ಮಾರುತ್ತಿದ್ದಳು. ಮೊದಲ ದಿನವೇ ಒಲೆಯ ಮುಂದೆ ಕೂರಿಸಿಕೊಂಡು ತನ್ನ ಕತೆ ತಾನೇ ಹೇಳಿದಳು. ಹುಟ್ಟಿದಾಗ ಚಂದ್ರಪ್ಪ. ಮೀಸೆ ಚಿಗುರುವ ವಯಸ್ಸಿಗೆ ಸೀರೆ ಉಟ್ಟಳು. ಅಪ್ಪ ಹೊರಗೆ ಹಾಕಿದ. ಅವ್ವ ಸತ್ತಾಗ ಮಣ್ಣಿಗೂ ಬರಗೊಡಲಿಲ್ಲ.

"ನನ್ನ ಬಗ್ಗೆ ಏನರ ಕೇಳೂದಿದ್ರ ನನ್ನನ್ನ ಕೇಳ್ರಿ ಅಕ್ಕೋರ. ಮಂದಿನ್ನ ಕೇಳಬ್ಯಾಡ್ರಿ. ಅವ್ರು ಉಪ್ಪು ಖಾರ ಜಾಸ್ತಿ ಹಾಕ್ತಾರ" ಎಂದು ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿದಳು.

ವರ್ಷಕ್ಕೊಮ್ಮೆ ಹುಲಗೂರಿನ ದರ್ಗಾಕ್ಕೆ ಹೋಗುತ್ತಿದ್ದಳು. ಏನು ಬೇಡಿಕೊಂಡೆ ಎಂದು ಒಮ್ಮೆ ಕೇಳಿದೆ. "ಏನೂ ಇಲ್ರಿ. ಅಲ್ಲಿ ಗದ್ದಲದಾಗ ನನ್ನ ಯಾರೂ ತಿರುಗಿ ನೋಡಂಗಿಲ್ಲ. ಅಷ್ಟಕ್ಕs ಹೋಗ್ತೇನಿ."

ಪಂಚಾಯ್ತಿ ಚುನಾವಣೆ ಬಂದಾಗ ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಊರಲ್ಲಿ ಎರಡು ಪಾರ್ಟಿ, ಒಂದು ಊರ ಗೌಡರದು. ಗೌಡರ ಮನೆಯ ಸೊಸೆ ನಿಲ್ಲಲು ಎದುರು ಪಾರ್ಟಿಯವರು ಒಪ್ಪಲಿಲ್ಲ. ಅವರ ಕಡೆಯವರು ನಿಲ್ಲಲು ಗೌಡರು ಒಪ್ಪಲಿಲ್ಲ. ಕೊನೆಗೆ ಚಹಾದಂಗಡಿಯ ಮುಂದೆ ಗೌಡರು ನಗುತ್ತ, "ಹಂಗಾದ್ರ ನಮ್ಮ ಚಂದ್ರವ್ವನ್ನ ನಿಲ್ಲಸ್ರಲೇ. ಆಕಿ ಹೆಣ್ಣಲ್ಲೇನು? ಓಟರ್ ಕಾರ್ಡಿನ್ಯಾಗ ಹೆಣ್ಣಂತ ಐತಿ" ಎಂದರು. ಎಲ್ಲರೂ ನಕ್ಕರು. ನಗುತ್ತಲೇ ಅವಳನ್ನು ಅವಿರೋಧವಾಗಿ ಆರಿಸಿದರು. ಹೇಳಿದಲ್ಲಿ ಹೆಬ್ಬೆಟ್ಟು ಒತ್ತಿಕೊಂಡು ಇರುತ್ತಾಳೆಂದು ಅವರ ಲೆಕ್ಕ.

ಚಂದ್ರವ್ವ ಮಾತ್ರ ಅದನ್ನು ನಗೆಯಾಗಿ ತಗೊಳ್ಳಲಿಲ್ಲ. ಸಂಜೆ ನನ್ನ ಬಳಿ ಕೂತು ಸಹಿ ಮಾಡಲು ಕಲಿತಳು. ಸಭೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಕೂರುವಳು. "ಮೆಂಬರ್ರ" ಎಂದು ಯಾರಾದರೂ ಚೇಷ್ಟೆಗೆ ಕರೆದರೂ "ಹೂಂ, ಹೇಳ್ರಿ" ಎಂದು ನಿಂತು ಕೇಳುವಳು.

ಬಸ್ ನಿಲ್ದಾಣದ ಪಕ್ಕ ಪಂಚಾಯ್ತಿಯ ಜಾಗವೊಂದಿತ್ತು. ಅಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟಬೇಕೆಂದು ಮೊದಲೇ ಠರಾವಾಗಿತ್ತು. ಗೌಡರಿಗೆ ಆ ಜಾಗ ಅಂಗಡಿ ಸಾಲಿಗೆ ಬೇಕಾಗಿತ್ತು. ಸದಸ್ಯರು ಸಮಸಮ ಒಡೆದು, ಚಂದ್ರವ್ವನ ಕೈ ಯಾವ ಕಡೆಗೋ ಆ ಕಡೆಗೇ ತೀರ್ಮಾನ ಎನ್ನುವಂತಾಯಿತು. ಗೌಡರು ತಾವೇ ಅವಳ ಮನೆಗೆ ಬಂದರು. ನಡುವಿನ ಗೋಡೆಯ ಈಚೆ ನನಗೆ ಎಲ್ಲವೂ ಕೇಳುತ್ತಿತ್ತು.

"ನಿನ್ನ ಮೆಂಬರ್ ಮಾಡಿದ್ದು ಯಾರಬೇ?"

"ನೀವs ರೀ ಗೌಡ್ರ. ನಿಮ್ಮ ಉಪಕಾರ ಮರ್ಯಾಂಗಿಲ್ರಿ. ಆದ್ರ ಕತ್ತಲಾಗೂ ತನಕ ತಡಕೊಂಡು ಕುಂದ್ರೂದು ಏನಂತ ನನಗ ಗೊತ್ತೈತ್ರಿ. ಗಂಡಸರ ಕಡೆ ಹೋದ್ರ ಹೊಡೀತಾರ, ಹೆಂಗಸರ ಕಡೆ ಹೋದ್ರ ಬೈತಾರ. ಇದೊಂದಕ್ಕ ನನ್ನ ಸಹಿ ಕೇಳಬ್ಯಾಡ್ರಿ."

ಸಭೆಯಲ್ಲಿ ಅಂಗಡಿ ಸಾಲಿನ ಪರವಾಗಿ ಅವಳು ಕೈ ಎತ್ತಲಿಲ್ಲ; ಗೌಡರ ಮಾತು ಬಿದ್ದುಹೋಯಿತು. ತಿಂಗಳು ಕಳೆಯುವುದರೊಳಗೆ ತಾಲೂಕು ಕಚೇರಿಗೆ ದೂರು ಹೋಯಿತು: ಹೆಣ್ಣುಮಕ್ಕಳ ಸೀಟಿನಲ್ಲಿ ಕೂತಿರುವವನು ಗಂಡಸು. ದೂರಿನ ಕೆಳಗೆ ಮೊದಲ ಸಹಿ ಗೌಡರದು.

ವಿಚಾರಣೆಯ ದಿನ ಓಣಿಯ ಐದಾರು ಹೆಂಗಸರೂ ನಾನೂ ಜೊತೆಗೆ ಹೋದೆವು. ಅಧಿಕಾರಿ ಕಾಗದದಿಂದ ತಲೆ ಎತ್ತಿ, "ಏನಪ್ಪಾ, ಸೀರೆ ಉಟ್ಟರೆ ಹೆಣ್ಣಾಗಿಬಿಡ್ತಾರಾ?" ಎಂದರು. ಕೋಣೆಯಲ್ಲಿದ್ದವರು ನಕ್ಕರು. "ಸರ್, ಆಕೆ ನಮ್ಮೂರ ಮೆಂಬರು. ಮರ್ಯಾದೆ ಕೊಟ್ಟು ಮಾತಾಡಿ" ಎಂದೆ. "ನೀವು ಸರಕಾರಿ ನೌಕರರು ಅಲ್ವಾ ಮೇಡಂ? ಶಾಲೆಗೆ ರಜೆ ಹಾಕಿ ಬಂದೀರಾ?" ಎಂದು ನನ್ನನ್ನೇ ಕೇಳಿದರು. ದವಾಖಾನೆಯಲ್ಲಿ ತಪಾಸಣೆ ಮಾಡಿಸಬೇಕೆಂದು ಅಪ್ಪಣೆಯಾಯಿತು.

ತಪಾಸಣೆಯ ಕೋಣೆಯಿಂದ ಹೊರಗೆ ಬಂದಾಗ ಚಂದ್ರವ್ವನ ಸೀರೆಯ ನಿರಿಗೆ ಒಂದು ಕಡೆ ಜಾರಿತ್ತು. ಅದನ್ನು ಸರಿ ಮಾಡಿಕೊಳ್ಳಬೇಕೆಂದೂ ಅವಳಿಗೆ ತೋಚಲಿಲ್ಲ. ಬಾಗಿಲ ಹೊರಗೆ ಕಾದಿದ್ದ ಗೌಡರ ಕಡೆಯ ಹುಡುಗರು ಅವಳ ವಿಡಿಯೋ ಮೊಬೈಲಿನಲ್ಲಿ ಹಿಡಿದುಕೊಂಡರು. ನಾವು ಊರು ಮುಟ್ಟುವ ಮೊದಲೇ ಅದು ಊರು ಮುಟ್ಟಿತ್ತು. ದಾರಿಯುದ್ದಕ್ಕೂ ಅವಳು ಒಂದೇ ಮಾತಾಡಿದ್ದು: "ಒಳಗ ನಾಕು ಮಂದಿ ನಿಂತಿದ್ರು ಅಕ್ಕೋರ. ನೋಡಾಕ ಒಬ್ರು ಸಾಕಾಗಿತ್ತಲ್ರಿ?"

ಸದಸ್ಯತ್ವ ಹೋಯಿತು. ಆಮೇಲೆ ಉಳಿದದ್ದೂ ಒಂದೊಂದಾಗಿ ಹೋಯಿತು. ರೊಟ್ಟಿ ಒಯ್ಯುವವರು ಕಡಿಮೆಯಾದರು. ನಳದ ಮುಂದೆ ಯಾರೋ "ಗಂಡಸರು ಇಲ್ಲಿ ನಿಂದರಬಾರ್ದು" ಎಂದು ಅವಳ ಕೊಡ ಸರಿಸಿದರು. ಎದುರು ಮನೆಯ ಕಸ್ತೂರೆವ್ವ ನಮ್ಮೊಡನೆ ವಿಚಾರಣೆಗೆ ಬಂದವಳು. ಅವಳ ಮೂರೂ ಮಕ್ಕಳು ಚಂದ್ರವ್ವನ ತೊಡೆಯ ಮೇಲೆಯೇ ಬೆಳೆದವರು. ಒಂದು ಸಂಜೆ ಚಂದ್ರವ್ವ ಸಣ್ಣ ಕೂಸಿಗೆ ಕೈ ಚಾಚಿದಾಗ ಕಸ್ತೂರೆವ್ವ ಅದನ್ನು ಹಿಂದಕ್ಕೆ ಎಳೆದುಕೊಂಡು, "ನಮ್ಮ ಮನಿಯವ್ರು ಬ್ಯಾಡಂತಾರವಾ, ಸಿಟ್ಟಾಗಬ್ಯಾಡ" ಎಂದು ಅತ್ತಳು. ಚಂದ್ರವ್ವ ಅಳಲಿಲ್ಲ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ಆ ವಾರವೇ ಮನೆಗೆ ಬೀಗ ಬಿತ್ತು. ನನಗೂ ಹೇಳದೆ ಹೋದಳು. ಬಸ್ ನಿಲ್ದಾಣದ ಪಕ್ಕ ಅಂಗಡಿ ಸಾಲು ಎದ್ದಿತು. ಮರುವರ್ಷ ನನಗೆ ಹಿರೇಕೆರೂರ ಕಡೆಗೆ ವರ್ಗವಾಯಿತು.

ಹೋದ ಸುಗ್ಗಿಯಲ್ಲಿ ಮಾಸೂರಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಗದ್ದೆಯ ಕೆಲಸ ಮುಗಿಸಿದ ಆಳುಗಳು ರಸ್ತೆಯ ಪಕ್ಕ ಟಂಟಂ ಗಾಡಿಗಾಗಿ ಕಾದು ನಿಂತಿದ್ದರು. ಪ್ಯಾಂಟು, ಮಾಸಿದ ಅಂಗಿ, ಕತ್ತರಿಸಿದ ಕೂದಲು, ಕುರುಚಲು ಗಡ್ಡದ ಒಬ್ಬ ಆಳು ನನ್ನನ್ನು ನೋಡಿ ಮುಖ ತಿರುಗಿಸಿದ. ಹಾಗೆ ತಿರುಗಿಸಿದ್ದಕ್ಕೇ ನಾನು ಮತ್ತೊಮ್ಮೆ ನೋಡಿದ್ದು.

"ಚಂದ್ರವ್ವಾ!"

ಅವಳು ಅವಸರದಿಂದ ಹತ್ತಿರ ಬಂದಳು. "ಸಣ್ಣಗ ಮಾತಾಡ್ರಿ ಅಕ್ಕೋರ. ಇಲ್ಲಿ ನಾ ಚಂದ್ರ್ಯಾ."

"ಇದೇನು ಮಾಡಿಕೊಂಡಿ?"

"ಸೀರಿ ಉಟ್ಟರ ಯಾರೂ ಕೆಲಸಕ್ಕ ಕರೀಲಿಲ್ರಿ. ಹಿಂಗಿದ್ರ ಯಾರೂ ಏನೂ ಕೇಳಂಗಿಲ್ಲ. ಉಣ್ತೇನಿ, ದುಡೀತೇನಿ."

"ಆರಾಮ ಇದ್ದೀಯಾ?"

"ಇಲ್ಲಿ ಇರಾಂವ ಚಂದ್ರ್ಯಾ ಅಲ್ರಿ? ಅವನ ಸುದ್ದಿ ನನಗೇನು ಗೊತ್ತು?"

ನಾನು ಅವಳ ಕೈ ಹಿಡಿಯಹೋದೆ. ಗಂಡಸೊಬ್ಬನ ಕೈಯನ್ನು ಅಕ್ಕೋರು ನಡುರಸ್ತೆಯಲ್ಲಿ ಹಿಡಿದರೆ ಮಂದಿ ಏನೆಂದಾರೆಂದು ಅವಳೇ ಹಿಂದೆ ಸರಿದಳು. ಅಷ್ಟರಲ್ಲಿ ಟಂಟಂ ಬಂತು. "ಏ ಚಂದ್ರ್ಯಾ, ಬಾರಲೇ" ಎಂದು ಮೇಸ್ತ್ರಿ ಕೂಗಿದ.

"ಬಂದೆ" ಎಂದು ಅವಳು ದಪ್ಪ ದನಿಯಲ್ಲಿ ಓಗೊಟ್ಟು ಹೋಗಿ ಗಂಡಸರ ನಡುವೆ ಕೂತಳು. ಬಗಲಿನವನು ಯಾವುದೋ ಹೆಂಗಸಿನ ಬಗ್ಗೆ ಹೊಲಸು ಮಾತೊಂದನ್ನಾಡಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು.